ಜಡ್ಡಿನ ಪಾಳಿ

2025ರ ನವೆಂಬರ್ 18, ಮಂಗಳವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಲಗಮಣ್ಣ ಮೂರನೆಯ ಗಾಡಿಯಿಂದ ಹಾಲಿನ ಕ್ಯಾನು ಇಳಿಸಲು ಬಗ್ಗಿದವನು ಹಾಗೆಯೇ ನಿಂತುಬಿಟ್ಟ. ನಲವತ್ತು ಲೀಟರಿನ ಕ್ಯಾನನ್ನು ತೊಡೆಯ ಆಸರೆಯಿಂದ ಎತ್ತಿ ತೊಟ್ಟಿಗೆ ಸುರಿಯುವುದು ಅವನಿಗೆ ವರ್ಷಗಳ ರೂಢಿ, ಮಾತಾಡುತ್ತಲೇ ಮಾಡುತ್ತಿದ್ದ. ಅಂದು ಹಿಡಿಕೆ ಹಿಡಿದ ಕೈ ನಡುಗುತ್ತಿತ್ತು. ಕ್ಯಾನಿನ ಮುಚ್ಚಳ ಸಣ್ಣಗೆ ಸದ್ದು ಮಾಡುತ್ತಿದ್ದುದರಿಂದಲೇ ಶೈಲಾ ಅತ್ತ ತಿರುಗಿ ನೋಡಿದ್ದು.

ಉಗಾರ ಬುದ್ರುಕದ ಹೊರಗೆ ಕಬ್ಬಿನ ಹೊಲಗಳ ನಡುವೆ ಇರುವ ಆ ಹಾಲು ತಂಪು ಮಾಡುವ ಕೇಂದ್ರದಲ್ಲಿ ಶೈಲಾಳದು ಎರಡು ಕೆಲಸ. ಬೆಳಿಗ್ಗೆ ಬಂದ ಹಾಲಿನ ಜಿಡ್ಡು, ಸಾಂದ್ರತೆ ನೋಡುವುದು ಒಂದು. ಅವಳು ಚಿಕ್ಕೋಡಿಯಲ್ಲಿ ರಸಾಯನಶಾಸ್ತ್ರ ಓದಿ ಪದವಿ ಪಡೆದದ್ದು ಅದಕ್ಕೆ ಒದಗಿತ್ತು. ಹನ್ನೆರಡು ಕೆಲಸಗಾರರ ಹಾಜರಿ, ಪಗಾರ, ರಜೆ ನೋಡಿಕೊಳ್ಳುವುದು ಇನ್ನೊಂದು. ಅದನ್ನು ಮಾಲೀಕರಾದ ಆಬಾಸಾಹೇಬರು, ಬೇರೆ ಯಾರೂ ಸಿಗದೆ, ಅವಳ ತಲೆಗೆ ಕಟ್ಟಿದ್ದರು.

"ಲಗಮಣ್ಣಾ, ಯಾಕ? ಆರಾಮಿಲ್ಲೇನು?"

"ಏನಿಲ್ರಿ ಅಕ್ಕಾರ. ಥಂಡಿ ಹತ್ತೈತಿ."

"ಕಣ್ಣ ನೋಡು, ಕೆಂಪ ಆಗ್ಯಾವ."

"ನಿದ್ದಿ ಹತ್ತವಲ್ದರಿ. ಮೀನಖಂಡ ಕತ್ತರಿಸಿದಂಗ ಆಗಾಕತ್ತಾವ. ರವಿವಾರದಿಂದ ಹಿಂಗ ಐತಿ."

"ಮತ್ತ ಸುಟ್ಟಿ ತಗೊಂಡ ಮಲಗಬಾರದೇನು ಮನ್ಯಾಗ?"

ಲಗಮಣ್ಣ ಅವಳನ್ನು ಅಚ್ಚರಿಯಿಂದ ನೋಡಿದ. ಮಾಡಬಾರದ್ದನ್ನು ಮಾಡು ಎಂದು ಹೇಳಿದವಳನ್ನು ನೋಡುವ ಹಾಗೆ.

"ನನ್ನ ಪಾಳಿ ಇಪ್ಪತ್ನಾಕಕ್ಕ ಐತ್ರಿ. ಇವತ್ತ ಭೀಮಗೊಂಡಂದು."

ಪಾಳಿ ಗೀಳಿ ಏನಿಲ್ಲ, ಮನೆಗೆ ಹೋಗು ಎನ್ನಲು ಶೈಲಾ ಬಾಯಿ ತೆರೆದಳು. ಅದೇ ಹೊತ್ತಿಗೆ ಹಿಂದಿನ ಗಾಡಿಯ ಚಾಲಕ ಹಾರ್ನ್ ಒತ್ತಿ, "ಅಕ್ಕಾರ, ಹಿಂಗ ಮಾತಾಡಕೋಂತ ನಿಂತ್ರ ಹಾಲ ಇಲ್ಲೇ ಮೊಸರ ಆಕ್ಕೈತಿ! ನಾ ಮಜ್ಜಗಿ ಕುಡದ ಹೊಕ್ಕೀನಿ" ಎಂದು ಕೂಗಿದ. ಕ್ಯಾನು ಇಳಿಸುವ ಕಟ್ಟೆಯ ಮೇಲೆ ಇರಬೇಕಾದವರು ಮೂವರು. ಭೀಮಗೊಂಡ ರಜೆಯಲ್ಲಿದ್ದ. ಲಗಮಣ್ಣನೂ ಹೋದರೆ ಉಳಿಯುವವನು ಒಬ್ಬನೇ. ಶೈಲಾ ಒಳಗೆ ಹೋಗಿ ತನ್ನ ಚೀಲದಿಂದ ಜ್ವರದ ಗುಳಿಗೆಯ ಪಟ್ಟಿ ತಂದು ಅವನ ಕೈಗಿತ್ತಳು.

"ಒಂದ ಈಗ ತಗೋ, ಒಂದ ಸಂಜಿಕ. ನೋಡೂಣು."

"ಹೂಂನ್ರಿ," ಎಂದು ಅವನು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು, ಕ್ಯಾನು ತೊಳೆಯುವ ನಳದ ನೀರು ಕುಡಿದು, ಮತ್ತೆ ಬಗ್ಗಿದ.

ಪಾಳಿ ಎಂಬುದು ಕೇಂದ್ರದ ನಿಯಮಗಳಲ್ಲಿ ಎಲ್ಲೂ ಇರಲಿಲ್ಲ. ನಿಯಮಗಳನ್ನು ಬರೆದವಳು ಶೈಲಾ; ಅವಳಿಗಿಂತ ಚೆನ್ನಾಗಿ ಇದು ಯಾರಿಗೂ ಗೊತ್ತಿರಲಿಲ್ಲ.

ಅದಕ್ಕೂ ಮೊದಲು ಅಲ್ಲಿ ನಡೆಯುತ್ತಿದ್ದುದು ಬದಲಿಯ ಪದ್ಧತಿ. ಒಬ್ಬನಿಗೆ ಜ್ವರ ಬಂದರೆ ಅವನ ತಮ್ಮ ಬರುತ್ತಿದ್ದ, ಇಲ್ಲವೆ ಭಾವಮೈದುನ. ಒಮ್ಮೆ ಒಬ್ಬನ ಮಾವನೇ ಬಂದು ಇಡೀ ವಾರ ಕ್ಯಾನು ತೊಳೆದು ಹೋಗಿದ್ದ. ಆಬಾಸಾಹೇಬರು ಯಾರು ಬಂದರು ಎಂದು ನೋಡುತ್ತಿರಲಿಲ್ಲ, ಕಟ್ಟೆಯ ಮೇಲೆ ಮೂರು ತಲೆ ಇದ್ದರಾಯಿತು. ಹೋದ ಮಾರ್ಚಿನಲ್ಲಿ ಹಾಲು ಕೊಳ್ಳುವ ಕಂಪನಿಯವರು ಇದೆಲ್ಲ ನಡೆಯುವುದಿಲ್ಲ ಎಂದರು. ಬೆರಳಚ್ಚಿನ ಹಾಜರಿ ಬೇಕು, ಬದಲಿ ಆಳು ಕೂಡದು, ಪಗಾರ ಸಹಿತ ಅನಾರೋಗ್ಯ ರಜೆಯ ನಿಯಮ ಬರಹದಲ್ಲಿರಬೇಕು.

"ನೀ ಸೈನ್ಸ್ ಕಲ್ತಾಕಿ ಅದಿ, ತಂಗಿ. ನೀನ ಬರಿ," ಎಂದಿದ್ದರು ಆಬಾಸಾಹೇಬರು. "ಆದ್ರ ನನ್ನ ತಲಿಗೆ ತಿಳಿಯೂ ಹಂಗ ಇರ್ಬೇಕ ನೋಡು."

ಕಂಪನಿ ಕಳಿಸಿದ ಮಾದರಿಯನ್ನು ಅವಳು ಎರಡು ವಾರ ಓದಿದಳು. ತಿಂಗಳ ಮೊದಲ ತಾರೀಖಿಗೆ ಪ್ರತಿಯೊಬ್ಬರ ಹೆಸರಿಗೆ ಒಂದು ದಿನದ ರಜೆ ಜಮಾ ಆಗಬೇಕು. ಬಳಸದೆ ಉಳಿದದ್ದು ಮುಂದಿನ ತಿಂಗಳಿಗೆ ಸೇರಿಕೊಳ್ಳಬೇಕು. ಹೀಗೆ ಕೂಡುತ್ತ ಹೋಗಿ ನಿಜವಾದ ಕಾಯಿಲೆ ಬಂದಾಗ ಕೈಯಲ್ಲಿ ಒಂದಿಷ್ಟು ದಿನಗಳಿರಬೇಕು. ಅದು ನಿಯಮದ ತಿರುಳು. ಮಾದರಿಯಲ್ಲಿ ಇನ್ನೊಂದು ಅಂಶವಿತ್ತು: ಕಾಯಿಲೆ ದೊಡ್ಡದಾಗಿ, ಜಮಾ ಆದ ದಿನಗಳು ಸಾಲದಿದ್ದರೆ, ಮುಂದಿನ ತಿಂಗಳುಗಳ ಲೆಕ್ಕದಿಂದ ಐದು ದಿನಗಳವರೆಗೆ ಮುಂಗಡ ಕೊಡಬಹುದು. ಅದನ್ನು ಹಾಕಿ ಲೆಕ್ಕ ಮಾಡಿ ನೋಡಿದಾಗ ಕಂಪ್ಯೂಟರಿನ ಹಾಳೆಯಲ್ಲಿ ಕೆಲವರ ಹೆಸರಿನ ಮುಂದೆ ಸೊನ್ನೆಗಿಂತ ಕಡಿಮೆಯ ಅಂಕಿ ಕೆಂಪಾಗಿ ಬಂತು. ಆಬಾಸಾಹೇಬರಿಗೆ ಇದನ್ನು ವಿವರಿಸುವುದು ಕಷ್ಟವೆನಿಸಿತು. ಅವರು ಕೇಳುವ ಮೊದಲೇ, ತಾನೇ ಆ ಅಂಶವನ್ನು ತೆಗೆದುಹಾಕಿದಳು. ಹಾಳೆ ಒಪ್ಪವಾಯಿತು.

ಏಪ್ರಿಲ್ ಮೊದಲ ವಾರ ಕ್ಯಾನು ತೊಳೆಯುವ ಜಾಗದಲ್ಲಿ ಹನ್ನೆರಡು ಮಂದಿಯನ್ನೂ ಕೂರಿಸಿ ಅವಳು ನಿಯಮ ಓದಿ ಹೇಳಿದಳು. ಯಾರಿಗೂ ತಿಳಿಯಲಿಲ್ಲ.

"ಅಂದ್ರ ಅಕ್ಕಾರ," ಭೀಮಗೊಂಡ ಎದ್ದು ನಿಂತು ಕೇಳಿದ, "ತಿಂಗಳಿಗೊಮ್ಮಿ ಜಡ್ಡ ಬರಾಕ ಬೇಕೇನ್ರಿ? ಬರ್ಲಿಲ್ಲಂದ್ರ ದಂಡ ಐತಿ?"

"ಇವಗ ಹುಟ್ಟಿದಾಗಿಂದ ಜಡ್ಡರಿ, ತಲ್ಯಾಗ," ಎಂದ ಯಾವನೋ. ಎಲ್ಲರೂ ನಕ್ಕರು.

ನಗು ನಿಲ್ಲಲಿ ಎಂದು ಕಾಯುತ್ತ ಶೈಲಾ ಅವರಿಗೆ ಗೊತ್ತಿರುವ ಒಂದು ಹೋಲಿಕೆ ಹುಡುಕಿದಳು. ಅವರೆಲ್ಲ ಕೃಷ್ಣೆಯ ದಂಡೆಯ ಊರುಗಳವರು. ನದಿಯ ನೀರನ್ನು ಪಂಪಿನಿಂದ ಎತ್ತಿ ಹೊಲಗಳಿಗೆ ಬಿಡುವ ಸಂಘಗಳು ಪ್ರತಿ ಊರಿನಲ್ಲೂ ಇದ್ದವು. ಯಾರ ಹೊಲಕ್ಕೆ ಯಾವ ದಿನ ನೀರು ಎಂಬ ಸರದಿಯೇ ಪಾಳಿ.

"ನೀರಿನ ಪಾಳಿ ಇದ್ದಂಗ ತಿಳ್ಕೋರಿ," ಎಂದಳು. "ತಿಂಗಳಿಗೆ ಒಂದ ದಿನಾ ನಿಮ್ಮ ಹೆಸರಿಗೆ ಬರ್ತೈತಿ. ನಿಮ್ಮದನ್ನ ಮತ್ತೊಬ್ರು ತಗೊಳ್ಳೂ ಹಂಗಿಲ್ಲ. ಮತ್ತೊಬ್ರದು ನೀವು ತಗೊಳ್ಳೂ ಹಂಗಿಲ್ಲ."

"ಹಾಂ! ಹಂಗ ಹೇಳ್ರಿ ಮತ್ತ!"

ಹನ್ನೆರಡೂ ತಲೆಗಳು ಒಟ್ಟಿಗೆ ಅಲ್ಲಾಡಿದವು. ಶೈಲಾಳಿಗೆ ಹೆಮ್ಮೆಯಾಯಿತು. ಮನೆಗೆ ಹೋಗಿ ಗಂಡನ ಮುಂದೆ ಹೇಳಿಕೊಂಡಳು ಕೂಡ.

ನೀರಿನ ಪಾಳಿ ಕೂಡಿಬೀಳುವುದಿಲ್ಲ. ತನ್ನ ದಿನ ನೀರು ಹಾಯಿಸದವನ ನೀರು ಮುಂದಿನವನ ಹೊಲಕ್ಕೆ ಹೋಗುತ್ತದೆ, ಹೋದದ್ದು ಹೋಯಿತು. ಇನ್ನು ಪಾಳಿ ಮುರಿದು ಬೇರೆಯವರ ದಿನ ನೀರು ತಿರುಗಿಸಿಕೊಂಡವನ ಹೆಸರು ಊರಲ್ಲಿ ಕೆಡುತ್ತದೆ, ಅವನ ಮಕ್ಕಳಿಗೆ ಹೆಣ್ಣು ಕೊಡುವವರೂ ಒಮ್ಮೆ ಯೋಚಿಸುತ್ತಾರೆ. ಹೋಲಿಕೆ ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು ಎಂದು ಹೇಳಬೇಕೆನ್ನುವುದು ಅವಳು ಕಾಲೇಜಿನಲ್ಲಿ ಕಲಿತ ಮೊದಲ ಪಾಠಗಳಲ್ಲೊಂದು. ಅಂದು ಅದನ್ನು ಹೇಳಲಿಲ್ಲ. ಎಲ್ಲರಿಗೂ ತಿಳಿಯಿತಲ್ಲ ಎಂಬ ಸಂತೋಷದಲ್ಲಿ ಸಭೆ ಮುಗಿದಿತ್ತು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಭೀಮಗೊಂಡ ಫೋನ್ ಮಾಡಿದ. ಹಿಂದೆ ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು.

"ಅಕ್ಕಾರ, ಇವತ್ತ ಹದಿನೆಂಟಲ್ರಿ. ನನ್ನ ಜಡ್ಡಿನ ದಿನಾ."

"ಏನ ಆಗೈತಿ?"

"ಏನೂ ಆಗಿಲ್ರಿ. ನನ್ನ ಪಾಳಿ."

ಆಗ ಅವಳು ವಿಚಾರಿಸಿದಳು. ಹನ್ನೆರಡು ಮಂದಿ ಚೀಟಿ ಎತ್ತಿ ತಾರೀಖುಗಳನ್ನು ಹಂಚಿಕೊಂಡಿದ್ದರು. ಭೀಮಗೊಂಡನಿಗೆ ಹದಿನೆಂಟು, ಲಗಮಣ್ಣನಿಗೆ ಇಪ್ಪತ್ತನಾಲ್ಕು. ಲಗಮಣ್ಣ ಜುಗೂಳದವನು, ಮನೆಯಲ್ಲಿ ಆಡುಗಳಿದ್ದವು, ಎರಡು ಎಮ್ಮೆಗಳಿದ್ದವು. ಪ್ರತಿ ಇಪ್ಪತ್ತನಾಲ್ಕರಂದು ಅವನು ಕಾಯಿಲೆಯಾಗಿ ನದಿಗೆ ಹೋಗಿ ಎಮ್ಮೆಗಳ ಮೈ ತೊಳೆಯುತ್ತಿದ್ದ.

ಶೈಲಾ ಮೊದಲು ನಕ್ಕಳು. ತಿದ್ದಬೇಕು ಎಂದುಕೊಂಡಳು. ನಂತರ ನೋಡಿದರೆ ಇದರಿಂದ ಅವಳಿಗೇ ಅನುಕೂಲವಾಗಿತ್ತು. ಒಂದೇ ದಿನ ಇಬ್ಬರು ಇಲ್ಲದಿರುವುದು ನಿಂತುಹೋಯಿತು. ನಾಳೆ ಯಾರು ಬರುವುದಿಲ್ಲ ಎಂಬುದು ತಿಂಗಳ ಮೊದಲೇ ಗೊತ್ತಿರುತ್ತಿತ್ತು. ಸೆಪ್ಟೆಂಬರಿನಲ್ಲಿ ತಪಾಸಣೆಗೆ ಬಂದ ಕಂಪನಿಯವನು, ಇಷ್ಟು ಶಿಸ್ತಿನ ರಜೆ ಬೇರೆಲ್ಲೂ ಕಂಡಿಲ್ಲ ಎಂದು ಆಬಾಸಾಹೇಬರ ಎದುರಿಗೇ ಹೊಗಳಿದ. ಹಾಲಿನ ಪರೀಕ್ಷೆಯಲ್ಲಿ ದಿನವೂ ಹಾಗೆ ಏರುಪೇರಿಲ್ಲದ ಅಂಕಿ ಬಂದಿದ್ದರೆ ಶೈಲಾ ಯಂತ್ರ ಕೆಟ್ಟಿದೆ ಎಂದು ರಿಪೇರಿಯವನನ್ನು ಕರೆಸುತ್ತಿದ್ದಳು. ಮನುಷ್ಯರ ಕಾಯಿಲೆ ಅಷ್ಟು ಒಪ್ಪವಾಗಿ ಬಂದಾಗ ಅವಳು ಹೊಗಳಿಕೆ ಕೇಳಿಸಿಕೊಂಡು ಚಹಾ ತರಿಸಿದಳು.

ಗುಳಿಗೆ ಕೊಟ್ಟ ಮರುದಿನ, ಬುಧವಾರ, ಲಗಮಣ್ಣ ಬಂದ. ಜ್ವರ ಇಳಿದಿದೆ ಎಂದ. ಶೈಲಾಳ ಎದೆ ಹಗುರಾಯಿತು. ಗುರುವಾರವೂ ಬಂದ. ಮಧ್ಯಾಹ್ನ ಕ್ಯಾನು ತೊಳೆಯುತ್ತಿದ್ದಾಗ ಗೋಡೆಗೆ ಒರಗಿದವನು ಹಾಗೆಯೇ ಜಾರಿ ಕೂತ. ಭೀಮಗೊಂಡ ಓಡಿಬಂದು ಎತ್ತಿದಾಗ ಅವನ ಕಣ್ಣಿನ ಬಿಳಿ ಹಳದಿಯಾಗಿತ್ತು. ಆಬಾಸಾಹೇಬರ ಜೀಪಿನಲ್ಲಿ ಗಡಿಯಾಚೆಯ ಮಿರಜದ ಆಸ್ಪತ್ರೆಗೆ ಒಯ್ದರು. ಇಲಿ ಜ್ವರ ಎಂದರು ವೈದ್ಯರು. ಇಲಿಯ ಮೂತ್ರ ಸೇರಿದ ಕೆಸರು, ನೀರಿನಿಂದ ಬರುವಂಥದು. ಮೊದಲೆರಡು ದಿನಗಳಲ್ಲೇ ಬಂದಿದ್ದರೆ ಇಂಜೆಕ್ಷನ್ನಿನಿಂದ ತಡೆಯಬಹುದಿತ್ತು, ಈಗ ಮೂತ್ರಪಿಂಡಕ್ಕೆ ಇಳಿದಿದೆ ಎಂದರು.

ಶುಕ್ರವಾರ ಬೆಳಿಗ್ಗೆ ಗಾಡಿಗಳು ಹೋದ ಮೇಲೆ ಭೀಮಗೊಂಡ ಪ್ರಯೋಗಾಲಯದ ಬಾಗಿಲಲ್ಲಿ ಬಂದು ನಿಂತ. ಅವನು ಸುಮ್ಮನೆ ನಿಂತದ್ದನ್ನು ಶೈಲಾ ಅದೇ ಮೊದಲು ಕಂಡದ್ದು.

"ಅಕ್ಕಾರ, ಮಂಗಳವಾರ ನಾ ಎಲ್ಲಿ ಹೋಗಿದ್ನಿ ಗೊತ್ತೈತೇನ್ರಿ ನಿಮಗ?"

"ಇಲ್ಲ."

"ಅಲಖನೂರಿಗೆ. ತಮ್ಮಗ ಹೆಣ್ಣ ನೋಡಾಕ. ಅವಲಕ್ಕಿ ತಿಂದೆ, ಎರಡ ಕಪ್ಪ ಚಹಾ ಕುಡದೆ. ನಿಮ್ಮ ಕಂಪ್ಯೂಟರದಾಗ ಅವತ್ತ ಜಡ್ಡ ಇದ್ದಂವ ನಾನು. ಹೌದಿಲ್ರಿ?"

"ಹೌದು."

"ಲಗಮಣ್ಣ ಗಟ್ಟಿ ಇದ್ದಂವ."

ಅವಳು ಹಾಲು ಅಳೆಯುವ ಗಾಜಿನ ನಳಿಕೆಯನ್ನು ಎತ್ತಿಕೊಂಡು ತೊಳೆದಳು.

"ಸೋಮವಾರ ಸಂಜಿಕ ಅವ ನನ್ನ ಕೇಳಿದ್ನರಿ. ಭೀಮ್ಯಾ, ನಿನ್ನ ಪಾಳಿ ನನಗ ಕೊಡತಿಯೇನೋ, ನನ್ನ ಇಪ್ಪತ್ನಾಕು ನೀ ತಗೋ ಅಂದ. ಹೆಣ್ಣಿನ ಮನ್ಯಾವ್ರಿಗೆ ಮಾತ ಕೊಟ್ಟೀವೋ ಮಾರಾಯಾ ಅಂದ್ನಿ." ಅವನು ಬಾಗಿಲ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆದ. "ಹೆಣ್ಣೂ ಚಂದ ಇರಲಿಲ್ಲ ಬಿಡ್ರಿ."

ನಗಿಸಲು ಹೇಳಿದ ಮಾತು. ಹೇಳಿದವನಿಗೇ ನಗು ಬರಲಿಲ್ಲ.

"ಭೀಮಗೊಂಡ, ತಪ್ಪ ನಿಂದಲ್ಲ."

"ಮತ್ತ ಯಾರದ್ರಿ?" ಎಂದು ಅವನು ಕೇಳಿದ್ದು ಸಿಟ್ಟಿನಿಂದಲ್ಲ. ನಿಜವಾಗಿ ತಿಳಿಯಬೇಕಾಗಿತ್ತು ಅವನಿಗೆ. ಶೈಲಾ ಕೈಯಲ್ಲಿದ್ದ ಗಾಜಿನ ನಳಿಕೆಯನ್ನು ಮತ್ತೊಮ್ಮೆ ತೊಳೆಯತೊಡಗಿದಳು. ಅದು ಆಗಲೇ ಶುದ್ಧವಾಗಿತ್ತು.

ಮಧ್ಯಾಹ್ನ ಆಬಾಸಾಹೇಬರು ಬಂದರು. ಟೋಪಿ ತೆಗೆದು ಮೇಜಿನ ಮೇಲಿಟ್ಟು ಕೂತರು.

"ಪಾಳಿ ಹಚ್ಚಿದವರು ಅವ್ರು. ನೀ ಬರದಿದ್ರಾಗ ಅದು ಎಲ್ಲೆರೆ ಐತೇನು?"

"ಬರದಿಲ್ರಿ, ಸಾವ್ಕಾರ್ರ. ಬಾಯಿಲೆ ನಾನ ಹೇಳಿದ್ನಿ."

"ಬಾಯಿಲೆ ಹೇಳಿದ್ದಕ್ಕ ಸಾಕ್ಷಿ ಯಾರು?"

"ಹನ್ನೆರಡ ಮಂದಿ ಅದಾರ್ರಿ."

ಆಬಾಸಾಹೇಬರು ಅವಳ ಮುಖ ನೋಡಿದರು. "ಹುಚ್ಚಿ ಅದಿ ನೀ. ಯಾರೂ ಕೇಳದಽ ಯಾಕ ಹೇಳ್ತಿ? ಅವರ ಮನಿಗೆ ಏನ ಬೇಕ ನೋಡೂಣು. ಆದ್ರ ಆಸ್ಪತ್ರ್ಯಾಗ ಹೋಗಿ ಇದನ್ನೆಲ್ಲಾ ಒದರಬ್ಯಾಡ."

ತಾನು ತೆಗೆದುಹಾಕಿದ್ದ ಮುಂಗಡದ ಅಂಶವನ್ನು ಮತ್ತೆ ಸೇರಿಸಬೇಕು ಎಂದಳು. ಪಾಳಿ ಇಲ್ಲದಿದ್ದರೆ ಏಪ್ರಿಲಿನಿಂದ ಲಗಮಣ್ಣನ ಹೆಸರಿಗೆ ಎಂಟು ದಿನ ಕೂಡಿರುತ್ತಿತ್ತು, ಮುಂಗಡವೂ ಇದ್ದಿದ್ದರೆ ಅವನು ಭಾನುವಾರದಿಂದ ನಿಶ್ಚಿಂತೆಯಿಂದ ಮಲಗಬಹುದಿತ್ತು ಎಂದು ವಿವರಿಸಿದಳು. ಅವರು ಪೂರ್ತಿ ಕೇಳಿದರು. ಕೆಂಪು ಅಂಕಿಯ ವಿಷಯವನ್ನೂ ಹೇಳಿದಳು.

"ಇಷ್ಟ ಏನು?" ಎಂದರು. "ಕಾರ್ಖಾನಿಯೊಳಗ ನನ್ನ ಕಬ್ಬಿನ ಲೆಕ್ಕಾನೂ ಎಷ್ಟೋ ವರ್ಷ ಕೆಂಪಽ ಇತ್ತು. ಬರಕೋ."

ಅಷ್ಟು ಸುಲಭವಾಗಿತ್ತು ಅದು. ಕೇಳಿದ್ದರೆ ಏಪ್ರಿಲಿನಲ್ಲೂ ಅಷ್ಟೇ ಸುಲಭವಾಗಿರುತ್ತಿತ್ತು. ಅವಳು ಅಂದೇ ಬರೆದಳು. ಪಾಳಿ ಎಂಬುದಿಲ್ಲ, ಕಾಯಿಲೆ ಬಂದ ದಿನವೇ ರಜೆಯ ದಿನ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು ಕಟ್ಟೆಯ ಗೋಡೆಗೆ ಅಂಟಿಸಿದಳು, ಓದಿಯೂ ಹೇಳಿದಳು. ಯಾರೂ ತಮಾಷೆ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ಮಿರಜಕ್ಕೆ ಹೋದಳು. ಲಗಮಣ್ಣನ ಹೆಂಡತಿ ಕಾಳವ್ವ ವಾರ್ಡಿನ ಬಾಗಿಲಲ್ಲೇ ಸಿಕ್ಕಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಖಾಲಿ ಥರ್ಮಾಸು.

"ಬರ್ರಿ ಅಕ್ಕಾರ. ಇಷ್ಟ ಥಂಡ್ಯಾಗ ಯಾಕ ಬರಾಕ ಹೋದ್ರಿ? ಚಹಾ ತರ್ತೀನಿ ತಡೀರಿ."

"ಬ್ಯಾಡ ಕಾಳವ್ವಾ. ಹೆಂಗ ಅದಾನ?"

"ಮಲಗ್ಯಾರ. ಮಾತಾಡ್ತಾರ, ಮತ್ತ ಮಂಪರ ಬರ್ತೈತಿ. ಒಂದಕ್ಕ ಸರಿಯಾಗಿ ಆಗವಲ್ದು, ಅದಽ ಚಿಂತಿ. ನಿನ್ನಿ ಎಂಟರಿಂದ ಇವತ್ತ ಎಂಟರತನಕಾ ಎಷ್ಟ ಆಕ್ಕೈತಿ ಅಳೀತಾರಂತ. ನಾನೂರ ಆತಂದ್ರ ಕಾಯೂದಂತ. ಆಗ್ಲಿಲ್ಲಂದ್ರ ಮಸೀನಿಗೆ ಹಚ್ಚಿ ರಕ್ತ ತೊಳೀತಾರಂತ." ಅವಳು ಥರ್ಮಾಸಿನ ಮುಚ್ಚಳವನ್ನು ತಿರುಗಿಸಿದಳು, ಮತ್ತೆ ಬಿಗಿದಳು. "ನಮ್ಮೂರಾಗ ಒಬ್ಬಾಂವಗ ಆ ಮಸೀನ ಹಚ್ಚಿದ್ರು. ಅಂವ ತಿರುಗಿ ಬರಲಿಲ್ರಿ."

"ಎಲ್ಲಾರಿಗೂ ಹಂಗ ಆಗೂದಿಲ್ಲ."

"ನೀವು ಗುಳಿಗಿ ಕೊಟ್ಟಿದ್ರಂತಲ್ರಿ. ಅವತ್ತ ಸಂಜಿಕ ಜ್ವರಾ ಇಳೀತು. ಮರದಿನಾ ಹೋಗಬ್ಯಾಡ್ರಿ ಅಂದ್ನಿ. ಅಕ್ಕಾರ ಗುಳಿಗಿ ಕೊಟ್ಟಾರ, ಏನೂ ಆಗೂದಿಲ್ಲ ಅಂತ ಎದ್ದ ಹೋದ್ರು. ನಿಮ್ಮ ಮ್ಯಾಲ ಭಾಳ ವಿಶ್ವಾಸ ಅವರಿಗೆ."

ಶೈಲಾ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಳು. ಕಾಳವ್ವ ಅವಳ ಪಕ್ಕ ಕೂರದೆ ನಿಂತೇ ಇದ್ದಳು. ಕೇಳಬೇಕೋ ಬೇಡವೋ ಎಂದು ಅನುಮಾನಿಸುತ್ತಲೇ ಕೇಳಿದಳು.

"ಅಕ್ಕಾರ, ಒಂದ ಮಾತ. ಅವರ ಪಾಳಿ ನಾಳಿ ಐತಿ. ಗುರುವಾರ ಮಧ್ಯಾಹ್ನದಿಂದ ಇಲ್ಲೇ ಬಿದ್ದಾರ. ಈ ದಿನಾ ಯಾರ ಪಾಳ್ಯಾಗ ಹಿಡದೀರಿ? ಯಾರಿಗರೆ ಕಡಿಮಿ ಬಿದ್ದಿದ್ರ ಹೇಳ್ರಿ. ಮಂದಿದು ನಾವು ತಿಂದಂಗ ಆಗಬಾರದು. ಅವರೂ ಅದನ್ನಽ ಕೇಳಾಕತ್ತಾರ ಎಚ್ಚರ ಆದಾಗೊಮ್ಮಿ."

"ಪಾಳಿ ಅನ್ನೂದ ಇಲ್ಲ ಕಾಳವ್ವಾ," ಎಂದಳು ಶೈಲಾ. ಧ್ವನಿ ತನಗೇ ಕೇಳಿಸದಷ್ಟು ಸಣ್ಣಗಿತ್ತು, ಮತ್ತೊಮ್ಮೆ ಹೇಳಬೇಕಾಯಿತು. "ಇರಲೇ ಇಲ್ಲ. ಯಾರಿಗೂ ಕಡಿಮಿ ಬೀಳೂದಿಲ್ಲ. ಅವನ ದಿನಾ ಅವಂದು, ಯಾವತ್ತ ಬೇಕಾದ್ರೂ ತಗೋಬಹುದಿತ್ತು. ಪ್ರತಿ ತಿಂಗಳ ತಗೊಳ್ಳದಽ ಬಿಟ್ಟಿದ್ರ ಕೂಡಿ ಇರ್ತಿತ್ತು. ನಾ ತಿಳಿಸಿ ಹೇಳೂದ್ರಾಗ ತಪ್ಪ ಮಾಡಿದ್ನಿ. ಅವ್ರು ಪಾಳಿ ಹಚ್ಚಿಕೊಂಡಿದ್ದೂ ಗೊತ್ತಿತ್ತು ನನಗ."

ಕಾಳವ್ವ ಇದನ್ನು ನಿಧಾನವಾಗಿ ಅರ್ಥ ಮಾಡಿಕೊಂಡಳು.

"ಅಂದ್ರ ರವಿವಾರನಽ ಮನ್ಯಾಗ ಮಲಗಿದ್ರೂ ನಡೀತಿತ್ತು?"

"ಹೂಂ."

"ಮಂಗಳವಾರ ನೀವು ನೋಡಿದ್ರಲ್ರಿ ಅವರನ್ನ. ಗುಳಿಗಿ ಕೊಟ್ಟಾಗ. ಅವಾಗರೆ ಯಾಕ ಹೇಳ್ಲಿಲ್ರಿ?"

ಏನೇನೋ ಉತ್ತರಗಳಿದ್ದವು. ಬಸ್ಸಿನಲ್ಲಿ ಬರುವಾಗ ಅವನ್ನೆಲ್ಲ ಅವಳು ಜೋಡಿಸಿಕೊಂಡಿದ್ದಳು. ಇಷ್ಟು ದೊಡ್ಡ ಕಾಯಿಲೆ ಎಂದು ಗೊತ್ತಿರಲಿಲ್ಲ ಎನ್ನಬಹುದಿತ್ತು; ಅದು ನಿಜವೂ ಹೌದು.

"ಗಾಡಿ ನಿಂತಿದ್ವು," ಎಂದಳು. "ಕ್ಯಾನ ಇಳಸಾಕ ಮಂದಿ ಇರಲಿಲ್ಲ."

ಕಾಳವ್ವ ಥರ್ಮಾಸನ್ನು ಬೆಂಚಿನ ಮೇಲಿಟ್ಟು ವಾರ್ಡಿನೊಳಗೆ ಹೋದಳು. ಕರೆಯದಿದ್ದರೂ ಶೈಲಾ ಅವಳ ಹಿಂದೆ ಹೋದಳು.

ಲಗಮಣ್ಣ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದ. ಮುಖ, ಪಾದ ಊದಿದ್ದವು. ಎಂಟು ಗಂಟೆಗೆ ಸರಿಯಾಗಿ ನರ್ಸ್ ಬಂದಳು. ವಯಸ್ಸಾದ ಮರಾಠಿ ಹೆಂಗಸು. ಒಬ್ಬಳೇ ಇಡೀ ವಾರ್ಡು ನೋಡಿಕೊಳ್ಳುತ್ತಿದ್ದಳು. ಇಡೀ ದಿನದ ಮೂತ್ರವನ್ನು ಕೂಡಿಸಿಟ್ಟ ಡಬ್ಬದಿಂದ ಗೆರೆಗಳಿದ್ದ ಅಳತೆಯ ಜಾಡಿಗೆ ಸುರಿದು, ಕಿಟಕಿಯ ಕಟ್ಟೆಯ ಮೇಲಿಟ್ಟಳು. ಪಕ್ಕದ ಹಾಸಿಗೆಯ ಸಲೈನ್ ಮುಗಿಯುತ್ತಿತ್ತು. ಅದನ್ನು ಬದಲಿಸುತ್ತಲೇ ಶೈಲಾಳಿಗೆ, "ಬಘಾ ಹೋ ಬಾಯಿ, ಕಿತಿ ಝಾಲಂ," ಎಂದಳು. ಎಷ್ಟಾಯಿತು ನೋಡಮ್ಮ ಎಂದು.

ಮೇಲೆ ನೊರೆಯಿತ್ತು. ಶೈಲಾ ಅದು ಇಳಿಯುವವರೆಗೆ ಕಾದಳು. ನಿಂತು ಮೇಲಿನಿಂದ ನೋಡಿದರೆ ನಾನೂರರ ಗೆರೆ ಮುಟ್ಟಿದಂತೆಯೇ ಕಾಣುತ್ತಿತ್ತು.

ಕಾಳವ್ವ ಗಂಡನ ಪಾದದ ಮೇಲೆ ಕೈಯಿಟ್ಟು ನಿಂತಿದ್ದಳು. ಇಷ್ಟು ಹೊತ್ತು ಶೈಲಾಳತ್ತ ನೋಡದಿದ್ದವಳು ಈಗ ನೋಡಿದಳು.

"ನಾನೂರ ಆತಲ್ರಿ?" ಎಂದಳು. "ಆಗೈತಿ, ಹೌದಿಲ್ರಿ ಅಕ್ಕಾರ?"

ನರ್ಸ್ ಪೆನ್ನು ಹಿಡಿದು ಕಾಯುತ್ತಿದ್ದಳು. ಏನು ಹೇಳಿದರೂ ಹಾಗೆಯೇ ಬರೆದುಕೊಳ್ಳುವವಳು, ಜಾಡಿಯನ್ನು ಮತ್ತೆ ನೋಡುವವಳಲ್ಲ. ಶೈಲಾ ಮೊಣಕಾಲೂರಿ, ಕಣ್ಣನ್ನು ಜಾಡಿಯ ಮಟ್ಟಕ್ಕೆ ತಂದು, ಉಸಿರು ಬಿಗಿಹಿಡಿದು ಒಮ್ಮೆ ಓದಿದಳು. ಜಾಡಿಯನ್ನು ಬೆಳಕಿಗೆ ತಿರುಗಿಸಿ ಇನ್ನೊಮ್ಮೆ ಓದಿದಳು. ಎರಡು ಸಲವೂ ಒಂದೇ ಬಂತು. ಎದ್ದು ನಿಂತು, ಕಾಳವ್ವನ ಮುಖ ನೋಡುತ್ತಲೇ, ನರ್ಸಿಗೂ ಕೇಳುವಂತೆ ಹೇಳಿದಳು.

"ಮುನ್ನೂರಾ ಎಂಬತ್ತು ಮಿಲಿಲೀಟರ್."